ಪಕ್ಕಪಕ್ಕದ ಎರಡು ಕಾಲಮ್ಮು

ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ. ಓದಲು ಕೂತರೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾಳೆ. ನನ್ನ ಅನುವಾದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಪುಟ್ಟ ವೆಬ್‌ಸೈಟಿನಲ್ಲಿ ಹಾಕಲು ಹೊರಟಾಗ ನನ್ನ ಕಣ್ಣ ಮುಂದಿದ್ದವಳು ಅವಳೇ. ಇಂಗ್ಲಿಷಿಗೆಂದು ಮಾಡಿದ ಸಿದ್ಧ ಥೀಮ್ ಒಂದನ್ನು ತಂದು ಅದರೊಳಗೆ ಕನ್ನಡ ತುಂಬಿದೆ. 'ರಾಷ್ಟ್ರ'ದ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ಹೋಗಿ ತಾಗಿದವು. ಮೇಲೆ ಮೂಲೆಯಲ್ಲಿ ಭಾಷೆ ಬದಲಿಸುವ ಗುಂಡಿ. ಅವಳು ಇಂಗ್ಲಿಷ್ ಒತ್ತಿದಳು, ಮತ್ತೆ ಕನ್ನಡದ ಕಡೆ ತಿರುಗಿ ನೋಡಲಿಲ್ಲ.

ಎರಡು ಭಾಷೆಯನ್ನು ಒಂದೇ ಪುಟದಲ್ಲಿ ಕೂರಿಸುವ ಪಾಡು ಈ ಊರಿಗೆ ಹಳೆಯದು. 1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರ್ ಮುಂಬಯಿಯಲ್ಲಿ 'ದರ್ಪಣ' ಪತ್ರಿಕೆ ಶುರುಮಾಡಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಪುಟದಲ್ಲಿ ಎರಡು ಕಾಲಮ್ಮು, ಒಂದರಲ್ಲಿ ಮರಾಠಿ, ಪಕ್ಕದಲ್ಲೇ ಇಂಗ್ಲಿಷ್. (ನಮ್ಮ 'ಮಂಗಳೂರು ಸಮಾಚಾರ' ಬಂದದ್ದು 1843ರಲ್ಲಿ, ಅದೂ ಕನ್ನಡವೊಂದರಲ್ಲೇ.) ಊರಿನವರಿಗೆ ಹೊಸ ವಿದ್ಯೆ ತಿಳಿಯಲಿ, ಆಳುವವರಿಗೆ ಊರಿನವರ ಅಭಿಪ್ರಾಯ ತಿಳಿಯಲಿ ಎಂಬ ಉದ್ದೇಶವಿತ್ತು. ಪತ್ರಿಕೆ 1840ರಲ್ಲಿ ನಿಂತಿತು. ನನಗೆ ಹಿಡಿಸಿದ್ದು ಅದರ ಪುಟ. ಅದು ಓದುಗರಿಗೆ ಭಾಷೆ ಆರಿಸಿಕೋ ಎನ್ನುವುದಿಲ್ಲ. ಒಂದನ್ನು ಓದುವವರ ಕಣ್ಣಂಚಿನಲ್ಲಿ ಇನ್ನೊಂದು ಇದ್ದೇ ಇರುತ್ತದೆ.

ಕಂಪ್ಯೂಟರಿನ ಕನ್ನಡಕ್ಕೂ ಮುಂಬಯಿಯ ಋಣವಿದೆ ಎಂಬುದು ಬೆಂಗಳೂರಿನ ಗೆಳೆಯರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಬಂದ 'ತುಂಗಾ' ಫಾಂಟಿನ ಹಿಂದಿದ್ದವರು ಪೊವಾಯಿಯ ಐಐಟಿಯಲ್ಲಿ ಪಾಠ ಹೇಳಿದ್ದ ಆರ್. ಕೆ. ಜೋಶಿ. ಹಿಂದಿಯ 'ಮಂಗಲ್' ಕೂಡ ಅವರದೇ. ಅದಕ್ಕೂ ಮೊದಲು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಇಲ್ಲಿ ಟೈಪು ಮಾಡಿದ್ದು ಅಲ್ಲಿ ಚಿತ್ರವಿಚಿತ್ರ ಚಿಹ್ನೆಯಾಗುತ್ತಿತ್ತು. ಈಚೆಗೆ ಮುಂಬಯಿಯದೇ ಏಕ್ ಟೈಪ್ ಸಂಸ್ಥೆ 'ಬಾಲೂ ತಮ್ಮ', 'ಅನೇಕ್ ಕನ್ನಡ' ಫಾಂಟುಗಳನ್ನು ಮುಕ್ತವಾಗಿ ಕೊಟ್ಟಿದೆ. 'ಅನೇಕ್'ನಲ್ಲಿ ಕನ್ನಡ, ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೇ ಯೋಚಿಸಿ ಬರೆದಿದ್ದಾರೆ. ಹಾಗಾಗಿ ಒಂದು ಸಾಲಿನಲ್ಲಿ ಎರಡೂ ಬಂದರೆ ಒಂದು ದಪ್ಪ, ಒಂದು ಸಣಕಲು ಅನ್ನಿಸುವುದಿಲ್ಲ. ನಾನು ಅದನ್ನೇ ಆರಿಸಿಕೊಂಡೆ.

ಆಮೇಲೆ ಅಳತೆ. ಹಿಂದೆ ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು. ಈಗ ಅದೊಂದು ಅಂಕಿ ಅಷ್ಟೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.5ರಷ್ಟು ಸಾಕಾಯಿತು, ಕನ್ನಡಕ್ಕೆ 1.8 ಕೊಟ್ಟೆ. ಪ್ರತಿ ಪ್ಯಾರಾಕ್ಕೂ ಇದು ಯಾವ ಭಾಷೆ ಎಂದು ಕೋಡಿನಲ್ಲಿ ಗುರುತು ಹಾಕಿದೆ. ಇಲ್ಲದಿದ್ದರೆ ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಕ್ಕೆ ದಿಕ್ಕು ತಪ್ಪುತ್ತದೆ. ಕನ್ನಡದಲ್ಲಿ ಓರೆ ಅಕ್ಷರ ತೆಗೆದುಹಾಕಿದೆ. ನಮ್ಮ ಲಿಪಿಗೆ ಅದು ಹುಟ್ಟುಗುಣವಲ್ಲ, ಬ್ರೌಸರು ಸುಮ್ಮನೆ ಅಕ್ಷರವನ್ನು ಹಿಡಿದು ವಾಲಿಸುತ್ತದೆ.

ಗುಂಡಿಯನ್ನೂ ತೆಗೆದೆ. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿದ ಫೋನಿಗೆ ಜಾಂಭೇಕರರ ಎರಡು ಕಾಲಮ್ಮು ಹಿಡಿಸುವುದಿಲ್ಲ. ಅದಕ್ಕೇ ಕನ್ನಡದ ಒಂದು ಪ್ಯಾರಾ, ಅದರ ಕೆಳಗೆ ತುಸು ಸಣ್ಣ ಅಕ್ಷರದಲ್ಲಿ ಇಂಗ್ಲಿಷ್. ಪುಟ ಎರಡರಷ್ಟು ಉದ್ದವಾಯಿತು. ಎಷ್ಟು ಸ್ಕ್ರೋಲ್ ಮಾಡಿಸುತ್ತೀ ಎಂದು ಹುಡುಗಿ ಗೊಣಗುತ್ತಾಳೆ. ಹೋದ ವಾರ ಫೋನು ಮಾಡಿ, ಮೂರನೇ ಪ್ಯಾರಾದ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ ಎಂದಳು. ನೋಡಿದರೆ ಹೌದು, ಬಿಟ್ಟಿದ್ದೆ.