ಜಿಲೇಬಿ ಮೀನಿನ ತೌರುಮನೆ

ಸಂತೇಲಿ ಅಗ್ಗಕ್ಕೆ ಸಿಗೋ ಜಿಲೇಬಿ ಮೀನು ನಮ್ಮ ಕೆರೇದೇ ಅಂತ ಬಾಳ ಜನ ಅಂದ್ಕೊಂಡವ್ರೆ. ಅಲ್ಲ ಕನ್ರವ್ವ. ಇದರ ತೌರುಮನೆ ಆಫ್ರಿಕಾದ ಮೊಜಾಂಬಿಕ್ ಸೀಮೆ. ಪುಸ್ತಕದಲ್ಲಿ ಇದನ್ನ ತಿಲಾಪಿಯಾ ಅಂತಾರೆ.

1930ರ ದಶಕದಲ್ಲಿ ಇದು ಜಾವಾ ದ್ವೀಪದಲ್ಲಿ ಕಾಣಿಸ್ಕೊಂತು. ಮುಜೈರ್ ಅನ್ನೋರು ಹಿಡಿದು ಹೊಂಡದಲ್ಲಿ ಸಾಕಿದ್ರು. ಇಂಡೋನೇಷ್ಯಾದಲ್ಲಿ ಇವತ್ತಿಗೂ ಈ ಮೀನಿಗೆ ಅವರದೇ ಹೆಸರು. ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಆಗ ಕಾಳುಕಡ್ಡಿಗೇ ತತ್ವಾರ. ಸಿಕ್ಕಿದ್ದು ತಿಂದ್ಕೊಂಡು ಬೇಗ ಹೆಚ್ಚೋ ಮೀನನ್ನ ಯಾರು ಬ್ಯಾಡ ಅಂತಾರೆ? ಆದ್ರೆ 1959ರಲ್ಲೇ, ಇದನ್ನ ಇನ್ನು ಹಬ್ಬಿಸಬಾರದು ಅಂತ ದೇಶದ ಮೀನುಗಾರಿಕೆ ಸಂಶೋಧನಾ ಸಮಿತಿ ತಡೆ ಹಾಕ್ತು. ಅಷ್ಟೊತ್ತಿಗೆ ಕೈ ಮೀರಿತ್ತು.

ಯಾಕೆ ಅಂದ್ರೆ, ಈ ತಾಯಿ ಮೊಟ್ಟೇನ ಬಾಯಲ್ಲೇ ಇಟ್ಕೊಂಡು ಕಾಯ್ತಾಳೆ. ಆಗ ಅವಳಿಗೆ ಮೇವೂ ಅಷ್ಟಕ್ಕಷ್ಟೆ. ಮರಿ ಆಚೆ ಬಂದ ಮೇಲೂ ಗಾಬರಿ ಆದ್ರೆ ಅವಳ ಬಾಯೊಳಕ್ಕೇ ನುಗ್ತವೆ. ಹಂಗಾಗಿ ಬೇರೆ ಮೀನಿಗಿಂತ ಕಮ್ಮಿ ಮೊಟ್ಟೆ ಇಟ್ರೂ ಬಾಳ ಮರಿ ಉಳೀತವೆ. ಎರಡು ಮೂರು ತಿಂಗಳಿಗೆಲ್ಲ ಆ ಮರಿಗಳೂ ಮೊಟ್ಟೆಗೆ ಬರ್ತವೆ. ಕೆರೆ ತುಂಬ ಅಂಗೈಯಗಲದ ಜಿಲೇಬಿಯೇ. ನಾಟಿ ಮೀನಿಗೆ ಮೇವೂ ಇಲ್ಲ, ಜಾಗವೂ ಇಲ್ಲ.

ಗುರುತು ಹಿಡಿಯೋದು ಸುಲಭ. ಬೆನ್ನುದ್ದಕ್ಕೂ ಮುಳ್ಳಿನ ರೆಕ್ಕೆ ಇರ್ತದೆ. ಕಾಟ್ಲಾ, ರೋಹುಗೆ ಆ ರೆಕ್ಕೆ ಗಿಡ್ಡ, ಮುಳ್ಳು ಚುಚ್ಚಲ್ಲ. ಮೈ ಬೂದಿ ಬಣ್ಣ. ಮರಿ ಮಾಡೋ ಕಾಲದಲ್ಲಿ ಗಂಡು ಕಪ್ಪಾಗಿ, ಗದ್ದ ಬೆಳ್ಳಗಾಗಿ, ರೆಕ್ಕೆ ಅಂಚು ಕೆಂಪಗಾಯ್ತದೆ. ಕೊಯ್ಯೋವಾಗ ಮೊದಲು ಕತ್ತರೀಲಿ ಬೆನ್ನಿನ ಮುಳ್ಳು ತೆಗೀರಿ, ಕೈ ಉಳೀತದೆ.

ಹಿಡಿಯೋಕೆ ಸಣ್ಣ ಗಾಳ, ಎರೆಹುಳ ಸಾಕು. ಚಪಾತಿ ಹಿಟ್ಟಿನ ಉಂಡೆಗೂ ಬೀಳ್ತದೆ. ದಡದ ಹತ್ರ, ನೀರು ಆಳ ಇಲ್ಲದ ಕಡೆ ಹಾಕಿ. ತಳದಲ್ಲಿ ತಟ್ಟೆಯಂಗೆ ಗುಂಡಿ ತೋಡಿದ್ರೆ ಅದು ಗಂಡು ಮಾಡಿದ ಗೂಡು.

ವಿಚಿತ್ರ ಅಂದ್ರೆ, ತೌರಲ್ಲಿ ಈಗ ಇದಕ್ಕೇ ಕಷ್ಟ ಬಂದೈತೆ. ಹೊರಗಿಂದ ತಂದು ಬಿಟ್ಟ ನೈಲ್ ತಿಲಾಪಿಯಾ ಜೊತೆ ಬೆರೆತು ಅಸಲಿ ತಳಿ ಕಲಸಿಹೋಗ್ತಾ ಐತೆ.

ಹಿಡೀರಿ, ಸಾರು ಮಾಡಿ, ಹುರಿದು ತಿನ್ನಿ. ಆದ್ರೆ ಮಕ್ಕಳು ಆಸೆಪಟ್ವು ಅಂತ ಜೀವಂತ ಮೀನನ್ನ ಬಾವಿಗೋ ಇನ್ನೊಂದು ಕಟ್ಟೆಗೋ ಬಿಡಬೇಡಿ. ಬಾಯಿ ತುಂಬ ಮರಿ ಇಟ್ಕೊಂಡಿರೋ ಒಂದೇ ಒಂದು ತಾಯಿ ಸಾಕು, ಆ ಕಟ್ಟೆ ತುಂಬೋಕೆ.