ಹಳೆಯ ಕಾರಿನ ನಾಡಿಪರೀಕ್ಷೆ

ಚಿತ್ತಾಪುರ ತಾಲ್ಲೂಕಿನ ವಾಡಿ ರೈಲಿನ ಊರೆಂದೇ ಪ್ರಸಿದ್ಧ. ಮುಂಬಯಿ–ರಾಯಚೂರು ಮಾರ್ಗ 1871ರಲ್ಲಿ ಪೂರ್ಣಗೊಂಡಿತು. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿನತ್ತ ಕವಲೊಡೆಯಿತು. ಸುಣ್ಣದಕಲ್ಲಿನ ಈ ನೆಲಕ್ಕೆ ಮುಂದೆ ಸಿಮೆಂಟ್ ಕಾರ್ಖಾನೆಯೂ ಬಂತು. ಇಂಥ ಊರುಗಳ ಧೂಳಿನ ರಸ್ತೆಗಳಲ್ಲಿ ರೈಲಿಳಿದವರನ್ನು ದಶಕಗಳ ಕಾಲ ಹೊತ್ತು ಓಡಿದ್ದು ಅಂಬಾಸಿಡರ್ ಕಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ ಈ ಕಾರು, ಬಂಗಾಳದ ಉತ್ತರಪಾರದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು.

ಇಂದು ಉಳಿದಿರುವ ಹಳೆಯ ಕಾರುಗಳ ಬಗ್ಗೆ ಒಡೆಯರ ದೂರು ಒಂದೇ: ‘ಗಾಡಿ ಎಳೆಯುತ್ತಿಲ್ಲ, ಪಿಕಪ್ ಇಲ್ಲ.’ ಕೂಡಲೇ ಎಂಜಿನ್ ಬಿಚ್ಚಿಸಿದರೆ ಸಾವಿರಾರು ರೂಪಾಯಿ ಖರ್ಚು. ದೋಷ ಮಾತ್ರ ಹಾಗೆಯೇ ಉಳಿಯಬಹುದು. ಬಲ್ಲ ಮೆಕಾನಿಕ್ ಮೊದಲು ಪ್ರಶ್ನೆ ಕೇಳುತ್ತಾನೆ. ಎಂಜಿನ್ ಸದ್ದು ಏರಿದರೂ ವೇಗ ಏರುವುದಿಲ್ಲವೇ? ಹಾಗಿದ್ದರೆ ಕ್ಲಚ್ ಜಾರುತ್ತಿದೆ. ಓಡಿ ನಿಂತಾಗ ಚಕ್ರದ ಡ್ರಮ್ ಸುಡುತ್ತಿದೆಯೇ? ಬ್ರೇಕ್ ಹಿಡಿದುಕೊಂಡಿದೆ. ಎರಡೂ ಅಲ್ಲವಾದರೆ ಮಾತ್ರ ಎಂಜಿನ್ನಿನ ಸರದಿ.

ಎಂಜಿನ್ನಿಗೆ ಬೇಕಾದವು ನಾಲ್ಕು: ಗಾಳಿ, ಪೆಟ್ರೋಲು, ಕಿಡಿ, ಒತ್ತಡ. ಏರ್ ಫಿಲ್ಟರಿಗೆ ಧೂಳು ಕಟ್ಟಿದರೆ ಗಾಳಿ ಸಾಲದು. ಕಾರ್ಬುರೇಟರಿನಲ್ಲಿ ಕಸ ಸೇರಿದರೆ ಪೆಟ್ರೋಲು ಸಾಲದು. ಕಡು ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುವುದೂ ಉಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಚಾಲಕರ ಉಪಾಯ ಇದಕ್ಕಾಗಿಯೇ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸವೆದರೆ ಕಿಡಿ ದುರ್ಬಲವಾಗುತ್ತದೆ, ಅದರ ಹೊತ್ತೂ ತಪ್ಪುತ್ತದೆ.

ಕೊನೆಯದು ಸಿಲಿಂಡರಿನ ಒತ್ತಡ. ಮಾಪಕದಲ್ಲಿ ಒಂದು ಸಿಲಿಂಡರು ಕಡಿಮೆ ತೋರಿದರೆ, ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ, ಏಕೆಂದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಏರದಿದ್ದರೆ ಅನುಮಾನ ವಾಲ್ವಿನ ಮೇಲೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ ಹರಿದಿರುವ ಸಂಭವವೇ ಹೆಚ್ಚು.

ಇಲ್ಲಿ ಇತಿಹಾಸದ ಒಂದು ಪಾಠವಿದೆ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ಅದು ವಾಲ್ವ್ ಕೂರುವ ಜಾಗಕ್ಕೆ ತೆಳುವಾದ ರಕ್ಷಣೆ ನೀಡುತ್ತಿತ್ತು. ಆದರೆ ಸೀಸ ಮಕ್ಕಳ ಮಿದುಳಿಗೆ ವಿಷ. ಆದ್ದರಿಂದ 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂತು. ಅದು ನ್ಯಾಯವಾದ ನಿರ್ಧಾರವೇ ಸರಿ. ಆದರೆ ಹಳೆಯ ಎಂಜಿನ್ನುಗಳಲ್ಲಿ ವಾಲ್ವ್ ಸೀಟು ಬೇಗ ಸವೆಯುವ ಸಾಧ್ಯತೆ ಹೆಚ್ಚಿತು. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಯುತ್ತಿದೆ. ಹಳೆಯ ರಬ್ಬರ್ ಕೊಳವೆಗಳು ಅದಕ್ಕೆ ಒಗ್ಗುವುದಿಲ್ಲ. ಕಾರು ಹಳೆಯದೇ, ಬದಲಾದದ್ದು ಕಾಲ.

ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲೇ ಹೊಂದಿಸಬಲ್ಲ ಹಿರಿಯ ಮೆಕಾನಿಕ್‌ಗಳು ಇಂದು ವಿರಳವಾಗುತ್ತಿದ್ದಾರೆ. ಅವರ ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು, ಪುಸ್ತಕ ಸೇರಿದ್ದು ಕಡಿಮೆ. ನಿಮ್ಮ ಊರಿನ ಗ್ಯಾರೇಜಿಗೆ ಒಮ್ಮೆ ಹೋಗಿ, ಕೇಳಿ, ಬರೆದಿಟ್ಟುಕೊಳ್ಳಿ. ಅದೂ ನಮ್ಮ ನಾಡಿನ ಇತಿಹಾಸವೇ.