ಅಠಾರಾ ಕಚೇರಿ: ಹದಿನೆಂಟು ಇಲಾಖೆ, ಆರುನೂರು ಕಿಲೋಮೀಟರ್

ಇವತ್ತಿನ ಕಥೆ ಬೆಂಗಳೂರಿನ ಒಂದು ಕೆಂಪು ಕಟ್ಟಡದ್ದು. ವಿಧಾನಸೌಧದ ಎದುರಿಗೇ ಐತಿ. ಕರ್ನಾಟಕ ಹೈಕೋರ್ಟ್ ಅಂತ ಎಲ್ಲರಿಗೂ ಗೊತ್ತು. ಹಳೇ ಹೆಸರು ಅಠಾರಾ ಕಚೇರಿ.

ಈ ಹೆಸರಿನ ಅರ್ಥ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗ್ತದ. ನಮ್ಮ ಶಿರಗುಪ್ಪಿ, ಕಾಗವಾಡದ ಮಂದಿಗೆ ಬೇಡ. ಸಂತ್ಯಾಗ ಮರಾಠಿ ಲೆಕ್ಕ ಕೇಳಿ ಬೆಳೆದವರು ನಾವು: ಸತರಾ, ಅಠರಾ, ಏಕೋಣೀಸ. ಅಠರಾ ಅಂದ್ರ ಹದಿನೆಂಟು. ಹಿಂದಿಯಲ್ಲಿ ಅದೇ ಅಠಾರಾ. ಹದಿನೆಂಟು ಇಲಾಖೆಗಳ ಕಚೇರಿ, ಅಷ್ಟೇ.

ಆದ್ರೆ ಹೆಸರು ಕಟ್ಟಡಕ್ಕಿಂತ ಭಾಳ ಹಳೇದು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿದರು. ಆ ವ್ಯವಸ್ಥೆಗೇ ಅಠಾರಾ ಕಚೇರಿ ಅಂತಿದ್ರು. ಅಂದ್ರೆ ಮೊದಲು ಅದು ಒಂದು ಪದ್ಧತಿ. ಗೋಡೆ, ಕಂಬ, ಚಾವಣಿ ಬಂದಿದ್ದು ಸುಮಾರು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡರು. ಕಮಿಷನರ್ ಆಳ್ವಿಕೆ ಶುರುವಾಯ್ತು, ಕಚೇರಿಗಳು ಬೆಂಗಳೂರಿಗೆ ಬಂದವು. ಎಲ್ಲಿ ಕೂತ್ಕೊಂಡವು? ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ ಇರೋ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ಕಟ್ಟಿಗೆ ಕಂಬದ ಅರಮನೆ, ಅದರೊಳಗ ಕಾಗದದ ಗಂಟು. ಜಾಗ ಸಾಲಲಿಲ್ಲ. ಲೆವಿನ್ ಬೌರಿಂಗ್ ಕಮಿಷನರ್ ಆಗಿದ್ದಾಗ, 1864ರಲ್ಲಿ, ಹೊಸ ಕಟ್ಟಡದ ಕೆಲಸ ಶುರುವಾಗಿ 1868ರಲ್ಲಿ ಮುಗೀತು.

ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1873ರಲ್ಲಿ ಬೆಂಗಳೂರಿನಲ್ಲಿ ಬಡವರ ಮಕ್ಕಳಿಗೆ ಶಾಲೆ ತೆರೆದವರೂ ಇವರೇ. ಆರ್‌.ಬಿ.ಎ.ಎನ್‌.ಎಂ. ಅನ್ನೋ ಶಿಕ್ಷಣ ಸಂಸ್ಥೆ ಕೇಳಿರಬಹುದು. ಆ ಅಕ್ಷರಗಳಲ್ಲಿ ಇರೋದು ಇವರ ಬಿರುದು ಮತ್ತು ಹೆಸರು.

ಈಗ ಕಟ್ಟಡ ನೋಡೋಣ. ಎರಡು ಅಂತಸ್ತು, ಕಲ್ಲು ಮತ್ತು ಇಟ್ಟಿಗೆ, ಮೇಲೆ ಕೆಂಪು ಬಣ್ಣ. ಉದ್ದಕ್ಕೆ ಚಾಚಿದ ಮೈ. ನಡುವೆ ಒಂದು, ಎರಡೂ ತುದಿಗೆ ಒಂದೊಂದು ಕಂಬಗಳ ಮುಖಮಂಟಪ. ಕಂಬದ ತಲೆ ಮೇಲೆ ಟಗರಿನ ಕೊಂಬಿನಂಗ ಸುರುಳಿ. ಇದಕ್ಕೆ ಐಯಾನಿಕ್ ಶೈಲಿ ಅಂತಾರೆ, ಹಳೇ ಗ್ರೀಕರ ದೇವಸ್ಥಾನದಿಂದ ಬಂದಿದ್ದು. ಹದಿನೆಂಟು, ಹತ್ತೊಂಬತ್ತನೇ ಶತಮಾನದಾಗ ಗ್ರೀಕ್, ರೋಮನ್ ಮಾದರಿಯನ್ನು ಮತ್ತೆ ಎತ್ತಿ ಕಟ್ಟಿದ ಈ ರೀತಿಗೆ ನಿಯೋಕ್ಲಾಸಿಕಲ್ ಅಂತ ಹೆಸರು. ಮುಂಬೈಯ ಟೌನ್‌ಹಾಲ್ ಇದೇ ಜಾತಿದು, 1833ರದ್ದು.

ಸರ್ಕಾರಕ್ಕ ಗ್ರೀಕ್ ದೇವಸ್ಥಾನದ ವೇಷ ಯಾಕೆ ಬೇಕಿತ್ತು? ಎತ್ತರದ ಕಂಬ, ಅಳತೆ ತಪ್ಪದ ಎಡಬಲ ನೋಡಿದರೆ ಇಲ್ಲಿ ಎಲ್ಲಾ ನಿಯಮದ ಪ್ರಕಾರ ನಡೀತದ ಅನ್ನಿಸಬೇಕು. ಒಳಗೆ ಕಾಲಿಡುವವನು ತುಸು ಸಣ್ಣವನಾಗಬೇಕು. ರಾಜನ ಕೈಯಿಂದ ಅಧಿಕಾರ ಕಿತ್ತುಕೊಂಡ ಕಮಿಷನರ್‌ಗೆ ಈ ಗಾಂಭೀರ್ಯ ಬೇಕೇ ಬೇಕಿತ್ತು. ಉದ್ದನೆ ವರಾಂಡ ಮಾತ್ರ ನಮ್ಮ ಬಿಸಿಲಿಗೆ ಕೊಟ್ಟ ಉತ್ತರ. ಅರ್ಜಿ ಹಿಡಿದು ಕಾಯುವವರಿಗೆ ನೆರಳು ಸಿಕ್ಕಿದ್ದೂ ಅಲ್ಲೇ.

ನಮ್ಮ ಭಾಗಕ್ಕೂ ಇದಕ್ಕೂ ಏನು ಸಂಬಂಧ? ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಾಗಿತ್ತು. ಇಲ್ಲಿಯ ಮೇಲ್ಮನವಿ ಹೋಗೋದು ಮುಂಬೈ ಹೈಕೋರ್ಟಿಗೆ, ಚೂಪು ಕಮಾನಿನ ಗಾಥಿಕ್ ಕಟ್ಟಡಕ್ಕೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಸಚಿವಾಲಯ ಎದುರಿನ ವಿಧಾನಸೌಧಕ್ಕೆ ಹೋಯ್ತು, ಕೆಂಪು ಕಟ್ಟಡದಾಗ ಹೈಕೋರ್ಟ್ ಉಳೀತು. ಗಡಿಯ ರೈತನ ಜಮೀನಿನ ತಂಟೆ ರಾತ್ರೋರಾತ್ರಿ ಮುಂಬೈ ಬಿಟ್ಟು ಬೆಂಗಳೂರಿನ ದಾರಿ ಹಿಡೀತು, 600 ಕಿ.ಮೀ. ಆಸುಪಾಸಿನ ದಾರಿ.

1980ರ ದಶಕದಾಗ ಈ ಕಟ್ಟಡಕ್ಕೇ ಸಂಚಕಾರ ಬಂತು. ಜಾಗ ಸಾಲದು, ಕೆಡವಿ ಹೊಸದು ಕಟ್ಟೋಣ ಅಂತ ಸರ್ಕಾರ ಹೊರಟಿತು. ನಾಗರಿಕರು ವಿರೋಧಿಸಿದರು, ಹೈಕೋರ್ಟಿನ ಮೆಟ್ಟಿಲೇರಿದರು. ಕೋರ್ಟು ಕೂತ ಕಟ್ಟಡದ ಹಣೆಬರಹವೇ ಕೋರ್ಟಿನ ಮುಂದೆ! ಕಡೆಗೆ ಕೆಡವೋ ಯೋಜನೆ ಕೈಬಿಟ್ಟಿತು, ಮುಖ ಉಳೀತು.

ಹಂಗಂದ್ರ ಜಾಗದ ಮಾತು ಸುಳ್ಳಲ್ಲ. ಕೇಸು ಹೆಚ್ಚಾಗ್ತನ ಇದ್ದವು. ದೂರದ ಮಾತೂ ಸುಳ್ಳಲ್ಲ. ಉತ್ತರ ಕರ್ನಾಟಕದ ವಕೀಲರು, ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈದಾಗ ಧಾರವಾಡ, ಕಲಬುರಗಿಯಲ್ಲಿ ಸಂಚಾರಿ ಪೀಠ ಬಂದವು, 2013ರಲ್ಲಿ ಕಾಯಂ ಆದವು. ಈಗ ಶಿರಗುಪ್ಪಿಯಿಂದ ಧಾರವಾಡ 200 ಕಿ.ಮೀ. ಒಳಗೆ. ಬೆಳಿಗ್ಗೆ ಹೋಗಿ ರಾತ್ರಿ ಮನಿ ಸೇರಬಹುದು.

ಹೀಗಾಗಿ ನನಗೆ ಈ ಎರಡು ಹೋರಾಟ ಬೇರೆ ಬೇರೆ ಅನ್ನಿಸೋದಿಲ್ಲ. ಒಂದು ಕಟ್ಟಡ ಉಳಿಸಿತು, ಇನ್ನೊಂದು ಅದರ ಬಾಗಿಲನ್ನು ನಮ್ಮ ಹತ್ತಿರ ತಂತು. ಬೆಂಗಳೂರಿಗೆ ಹೋದಾಗ ವಿಧಾನಸೌಧದ ಮುಂದೆ ಸೆಲ್ಫಿ ತಗೋತೀರಿ, ತಗೋರಿ. ಆಮೇಲೆ ಒಂದ್ಸಲ ಹಿಂದಕ್ಕ ತಿರುಗ್ರಿ. ಟಗರಿನ ಕೊಂಬಿನ ಕಂಬ ಎಷ್ಟಿವೆ ಎಣಿಸ್ರಿ, ಬೇಕಾದ್ರ ಮರಾಠಿಯಲ್ಲೇ. ಮತ್ತ ಸಿಗೋಣ್ರೀ.